ಡ್ರಮ್ ಇಲ್ಲದ ಆಲ್ಬಂ ಬೇಕು

ಗೊರಗುಂಟೆಪಾಳ್ಯದ ಹಿಂಬದಿಯ ರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮೂರಂತಸ್ತಿನ ಹಳೆಯ ಮನೆಯೊಂದರ ಅಂಗಳದಲ್ಲಿ ನೆಲದೊಳಗಿಂದ ಪಿಯಾನೋ ಕೇಳಿಸುತ್ತಿದೆ. ಅದರ ಜೊತೆಗೆ ಇನ್ನೊಂದು ಸದ್ದು: ಟಣ್, ಟಣ್. ನೆಲದಡಿಯ ನೀರಿನ ಸಂಪಿನ ತೆರೆದ ಬಾಯಿಯಲ್ಲಿ ಹಗ್ಗ ಹಿಡಿದು ಕೂತ ಮನ್ಸೂರ್‌ಗೆ ಪಿಯಾನೋ ಬೇಕಿಲ್ಲ. ಅವರ ಕಿವಿ ಇರುವುದು ಟಣ್ ಟಣ್ ಮೇಲೆ. ಅದು ನಿಂತರೆ ಹಗ್ಗ ಎಳೆಯಬೇಕು.

ಹಗ್ಗದ ಇನ್ನೊಂದು ತುದಿ ಭೀಮರಾಜ್ ಸೊಂಟದಲ್ಲಿದೆ. ಜಾಲಹಳ್ಳಿಯ ಭೀಮರಾಜ್ ಹದಿನಾರು ವರ್ಷಗಳಿಂದ ಸಂಪು ತೊಳೆಯುತ್ತಾರೆ. ದಿನಕ್ಕೆ ಎರಡು, ಬೇಸಿಗೆಯಲ್ಲಿ ಮೂರು. ಬಲಗೈಯಲ್ಲಿ ಬ್ರಷ್, ಎಡಗೈಯಲ್ಲಿ ನಟ್ಟು ಬಿಗಿಯುವ ಹಳೆಯ ಪಾನಾ. ಗೋಡೆ ಉಜ್ಜುತ್ತಲೇ ಪಾನಾದಿಂದ ಕಬ್ಬಿಣದ ಬಕೆಟ್ಟಿಗೆ ಬಡಿಯುತ್ತಿರುತ್ತಾರೆ. ಕೆಳಗಿನಿಂದ ಕೂಗಿದರೆ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಬಡಿತ ಮಾತ್ರ ಸ್ಪಷ್ಟವಾಗಿ ಮೇಲೆ ಬರುತ್ತದೆ.

ಬಹಳ ದಿನ ಮುಚ್ಚಿಟ್ಟ ಸಂಪಿನ ಗಾಳಿ ಕೆಟ್ಟಿರುತ್ತದೆ. ಮುಚ್ಚಳ ತೆಗೆದು, ಫ್ಯಾನ್ ಹಾಕಿ, ಆಮೇಲೆ ಇಳಿಯುತ್ತಾರೆ. ಆದರೂ ಮೂಲೆಯಲ್ಲಿ ಒಂದಿಷ್ಟು ಉಳಿದಿರುತ್ತದೆ. "ಅದಕ್ಕೆ ವಾಸನೆ ಇರಲ್ಲ ಮೇಡಂ. ನಿದ್ದೆ ಬಂದಂಗೆ ಆಗುತ್ತೆ. ಒಳ್ಳೇ ನಿದ್ದೆ," ಎನ್ನುತ್ತಾರೆ ಭೀಮರಾಜ್.

ಬಡಿತ ತಪ್ಪದಿರಲು ಹಾಡು ಬೇಕಾಯಿತು. ಮೊದಲು ಸಿನಿಮಾ ಹಾಡು ಹಾಕುತ್ತಿದ್ದರು. "ಹಾಡಲ್ಲಿ ಮಾತಿರುತ್ತೆ. ಮಾತು ಕೇಳಿದ್ರೆ ಮನೆ ನೆನಪಾಗುತ್ತೆ, ಕೈ ನಿಂತೋಗುತ್ತೆ." ಮಾತಿಲ್ಲದ ಜಾಝ್ ಸಿಕ್ಕಿದ್ದು ನಾಗಭೂಷಣ ಅವರ ಮನೆಯಲ್ಲಿ. ಕಾರ್ಖಾನೆಯಿಂದ ನಿವೃತ್ತರಾದ ಅವರು ಮನೆಯ ಸಂಪು ತೊಳೆಸುವಾಗ ಒಳಗೆ ರೆಕಾರ್ಡ್ ಹಾಕಿಕೊಂಡಿದ್ದರು. ಭೀಮರಾಜ್ ಕೆಳಗಿನಿಂದಲೇ ಅದಕ್ಕೆ ತಾಳ ಹಾಕಿದರು. ಅಂದೇ ಒಂದು ಪೆನ್‌ಡ್ರೈವ್ ತುಂಬಿ ಕೊಟ್ಟರು ನಾಗಭೂಷಣ. ಈಗ ಅವರೂ ಉತ್ತರ ಬೆಂಗಳೂರಿನ ಒಂಬತ್ತು ಮಂದಿ ಸಂಪು ತೊಳೆಯುವವರೂ ಇರುವ ವಾಟ್ಸಾಪ್ ಗುಂಪಿನ ಹೆಸರು 'ಜಾಝ್ ಸಂಪು'. ಯಾರ ಸ್ಯಾಕ್ಸೊಫೋನ್ ಮೇಲು, ಯಾವ ಆಲ್ಬಂ ಮೊದಲು ಕೇಳಬೇಕು ಎಂದು ಬೆಳಗ್ಗೆ ಕಾಫಿಗೆ ಮುಂಚೆಯೇ ಜಗಳ ಶುರು.

ಎರಡು ವರ್ಷದ ಹಿಂದೆ ನಾಗಸಂದ್ರದ ಒಂದು ಸಂಪಿನಲ್ಲಿ ಭೀಮರಾಜ್‌ಗೆ ಆ ನಿದ್ದೆ ಬಂತು. ಮೇಲೆ ಕೂತ ಮನ್ಸೂರ್‌ಗೆ ತಿಳಿಯಲಿಲ್ಲ. "ಟಣ್ ಟಣ್ ಬರ್ತಾನೇ ಇತ್ತು. ಇವತ್ತು ಏನ್ ಚೆನ್ನಾಗಿ ಬಡೀತಾವ್ನೆ ನನ್ಮಗ ಅಂದ್ಕೊಂಡೆ."

ಬಡಿಯುತ್ತಿದ್ದದ್ದು ಸಂಪಿನೊಳಗೆ ತೂಗಿಬಿಟ್ಟಿದ್ದ ಸ್ಪೀಕರ್. ಆಲ್ಬಮ್ಮಿನ ಡ್ರಮ್ಮರ್ ಡ್ರಮ್ಮಿನ ಅಂಚಿನ ಲೋಹಕ್ಕೆ ಕಡ್ಡಿಯಿಂದ ಬಡಿಯುತ್ತಿದ್ದ. ಪಿಯಾನೋದ ಸರದಿ ಬಂದಾಗ ಅವನು ಕೈ ನಿಲ್ಲಿಸಿದ. ಆಗ ಮನ್ಸೂರ್ ಹಗ್ಗ ಎಳೆದರು.

"ಆ ಡ್ರಮ್ಮರ್ ತೀರ್ಕೊಂಡು ಐವತ್ತು ವರ್ಷ ಆಯ್ತಂತೆ, ನಾಗಭೂಷಣ ಸರ್ ಹೇಳಿದ್ರು," ಎನ್ನುತ್ತಾರೆ ಭೀಮರಾಜ್. "ಸತ್ತೋನು ನನ್ನ ಬದಲು ಬಡೀತಾ ಇದ್ದ. ಬದುಕಿರೋ ನಾನು ಸುಮ್ನೆ ಮಲಗಿದ್ದೆ."

ಅಂದಿನಿಂದ ಗುಂಪಿನಲ್ಲಿ ಹೊಸ ಆಲ್ಬಂ ಬಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: ಡ್ರಮ್ ಇದೆಯಾ? ನಾಗಭೂಷಣ ಮೊದಲು ರೇಗಿದರಂತೆ. "ಡ್ರಮ್ ಬೇಡ ಅಂದ್ರೆ ಇಡ್ಲಿ ಬೇಡ, ಬರೀ ಚಟ್ನಿ ಕೊಡಿ ಅಂದಂಗೆ ಕಣಯ್ಯಾ!" ಕಾರಣ ತಿಳಿದ ಮೇಲೆ ತಾವೇ ಹುಡುಕತೊಡಗಿದರು. ಪಿಯಾನೋ, ಗಿಟಾರ್, ದಪ್ಪ ದನಿಯ ತಂತಿವಾದ್ಯ ಬೇಸ್ ಮಾತ್ರ ಇರುವ ಆಲ್ಬಮ್ಮುಗಳು ಒಂದೊಂದಾಗಿ ಸಿಕ್ಕವು. ಗುಂಪಿನಲ್ಲಿರುವ ಯಲಹಂಕದ ಕದಿರಪ್ಪ ಪ್ರತಿಯೊಂದನ್ನೂ ಪೂರ್ತಿ ಕೇಳಿ ವರದಿ ಕೊಡುತ್ತಾರೆ. "ಈ ಪಿಯಾನೋದವನ ಎಡಗೈನೇ ಡ್ರಮ್ಮು. ನಂಬಬೇಡಿ ಗುರು."

ಭೀಮರಾಜ್ ಅವರ ಹೆಂಡತಿ ರಮಾ ಮನೆಯಲ್ಲಿ ಜಾಝ್ ಹಾಕಗೊಡುವುದಿಲ್ಲ. "ಅದು ಗುಂಡಿ ಸಂಗೀತ. ಗುಂಡೀಲೇ ಇರ್ಲಿ." ಗಂಡ ನಿದ್ದೆಯಲ್ಲೂ ಮಂಚದ ಪಟ್ಟಿಗೆ ಬೆರಳಿನಿಂದ ಬಡಿಯುತ್ತಾರಂತೆ. ನಿದ್ದೆ ಕೆಡುವುದಿಲ್ಲವೇ ಎಂದರೆ ರಮಾ ಇಲ್ಲವೆಂದು ತಲೆಯಾಡಿಸುತ್ತಾರೆ. "ಬಡೀತಿದ್ರೆ ನಿದ್ದೆ ಬರುತ್ತೆ. ನಿಂತ್ರೆ ಎಚ್ಚರ ಆಗುತ್ತೆ. ಅಲ್ಲಾಡಿಸಿ ನೋಡ್ತೀನಿ."

ಗೊರಗುಂಟೆಪಾಳ್ಯದಲ್ಲಿ ಇಂದು ಸಂಪಿಗಿಳಿದಿರುವುದು ನಿನ್ನೆ ನಾಗಭೂಷಣ ಕಳಿಸಿದ ಆಲ್ಬಂ. ಪಿಯಾನೋ ನಿಂತು ಬೇಸ್ ಒಂಟಿಯಾಗಿ ಶುರುವಾಗುತ್ತದೆ, ಯಾರೋ ಮೆತ್ತಗೆ ನಡೆದುಬರುವ ಹಾಗೆ. ಟಣ್, ಟಣ್. ಟಣ್.

ಮತ್ತೆ ಬಡಿತ ಬರುವುದಿಲ್ಲ.

ಮನ್ಸೂರ್ ಕೂಗುವುದಿಲ್ಲ, ಕಾಯುವುದೂ ಇಲ್ಲ. ಸಂಪಿನ ಅಂಚಿಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಎಳೆಯುತ್ತಾರೆ. ಕೆಳಗೆ ಬೇಸ್ ನಡೆಯುತ್ತಲೇ ಇದೆ. ಹಗ್ಗ ಭಾರವಾಗಿ ಮೇಲೆ ಬರುತ್ತದೆ. ಕೊನೆಗೆ ಕತ್ತಲಿನಿಂದ ಒಂದು ಒದ್ದೆ ತಲೆ.

"ಏಯ್, ಬಿಡೋ! ಸೊಂಟ ಮುರೀತು. ಬೇಸ್ ಕೇಳ್ತಿದ್ದೆ."

"ಕೇಳ್ತಿದ್ದನಂತೆ! ಸಂಗೀತ ಕಚೇರಿಗೆ ಬಂದವ್ನೆ ಸಾಹೇಬ, ಶಾಲು ಒಂದು ಕಮ್ಮಿ," ಎನ್ನುವ ಮನ್ಸೂರ್ ಅವರ ಕೈ ಇನ್ನೂ ಹಗ್ಗ ಬಿಟ್ಟಿಲ್ಲ. "ನನ್ನ ಎದೆ ನಿಂತೋಯ್ತು ಮಚ್ಚಾ."

ಭೀಮರಾಜ್ ಸಂಪಿನ ಅಂಚಿನಲ್ಲಿ ಕೂತು, ಕೈ ಒರೆಸಿಕೊಂಡು, ಮೊಬೈಲಿನಲ್ಲಿ ಗುಂಪಿಗೆ ದನಿ ಸಂದೇಶ ಕಳಿಸುತ್ತಾರೆ.

"ನಾಗಭೂಷಣ ಸರ್, ಕದಿರಪ್ಪ, ಎಲ್ಲರೂ ಕೇಳಿಸ್ಕೊಳಿ. ನಿನ್ನೆ ಬಂದ ಆಲ್ಬಮ್ಮಲ್ಲಿ ಡ್ರಮ್ ಇಲ್ಲ. ಆದ್ರೂ ಯಾರೂ ಒಳಗೆ ಹಾಕ್ಬೇಡಿ. ತುಂಬಾ ಚೆನ್ನಾಗಿದೆ."