ಕರೆಂಟು ತೆಗೆದು ನೋಡಿದ ಸರ್ವರ್

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅದಕ್ಕೋ ಏನೋ, ಮೂಡಿಗೆರೆಯ ಸಣ್ಣ ಇಂಟರ್‌ನೆಟ್ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಸೇರಿದ ಮೇಲೂ ಪ್ರತಿಯೊಂದು ಪತ್ರವನ್ನು ಮೂರು ಸಲ ಓದಿಯೇ ಕಳುಹಿಸುತ್ತಿದ್ದೆ. ಕೇಬಲ್ ಟಿ.ವಿ. ನಡೆಸಿ ಈ ಕ್ಷೇತ್ರಕ್ಕೆ ಬಂದಿದ್ದ ಮಾಲೀಕರು, ಹೊಸ ಸರ್ವರ್‌ಗೆ ಸಾಫ್ಟ್‌ವೇರ್ ಆರಿಸುವ ಹೊಣೆಯನ್ನು ನನಗೆ ವಹಿಸಿದರು. ಹೆಚ್ಚಾಗಿ ಕಾಫಿ ಎಸ್ಟೇಟಿನವರೇ ಆದ ನಮ್ಮ ಚಂದಾದಾರರ ಪಾಸ್‌ವರ್ಡ್ ಪರಿಶೀಲಿಸಲು ಒಂದು, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡಲು ಇನ್ನೊಂದು ಪ್ಯಾಕೇಜನ್ನು ಆರಿಸಿದೆ. ಎರಡೂ ಚಿಕ್ಕವು, ಯಾರ ಲೈಸೆನ್ಸೂ ಬೇಡದವು. ಕಾರಣಗಳನ್ನು ಎರಡು ಪುಟಗಳಲ್ಲಿ ಬರೆದುಕೊಟ್ಟೆ.

ಅದೇ ವಾರ ಬೆಂಗಳೂರಿನಿಂದ ಮಾರಾಟಗಾರರೊಬ್ಬರು ಬಂದರು. ಎಲ್ಲ ಕೆಲಸವನ್ನೂ ಮಾಡುವ ಒಂದೇ ಪ್ಯಾಕೇಜನ್ನು ತಮ್ಮ ಯಂತ್ರದಲ್ಲಿ ತೋರಿಸಿ, ನನ್ನ ಪುಟಗಳನ್ನು ತಿರುವಿ ನಕ್ಕರು.

“ಮೇಡಂ, ಇದೆಲ್ಲ ಕಾಲೇಜ್ ಪ್ರಾಜೆಕ್ಟಿಗೆ ಸರಿ.”

ಮಾಲೀಕರು ನನ್ನತ್ತ ತಿರುಗಿದರು. “ಅವ್ರು ದೊಡ್ಡ ದೊಡ್ಡ ಕಂಪನಿಗೆ ಹಾಕಿಕೊಟ್ಟವ್ರು ಮಾರಾಯ್ತಿ. ನಿಂದು ಕೈಕೊಟ್ರೆ ಎಸ್ಟೇಟಿನವ್ರ ಹತ್ರ ಬೈಸ್ಕೊಳ್ಳೋದು ನಾನಲ್ವಾ?”

ನಾನು ಹೇಳಿದೆ: “ಕೈಕೊಟ್ರೆ ನಾಳೆಯಿಂದ ನಾನು ಬರಲ್ಲ ಸರ್. ಆದ್ರೆ ನಂದು, ಅವ್ರದು ಎರಡನ್ನೂ ಮಳೆಗಾಲದಲ್ಲಿ ಆಗೋ ಹಾಗೆ ಪರೀಕ್ಷೆ ಮಾಡ್ಬೇಕು.”

ಮಳೆಗಾಲದಲ್ಲಿ ಒಂದೇ ಮರ ಬಿದ್ದು ನಮ್ಮ ಕರೆಂಟನ್ನೂ, ಕೊಟ್ಟಿಗೆಹಾರದ ಕಡೆಯಿಂದ ಬರುವ ಮುಖ್ಯ ಕೇಬಲನ್ನೂ ಒಟ್ಟಿಗೆ ಕಡಿಯುವುದುಂಟು. ಕರೆಂಟು ಬೇಗ ಬಂದರೂ ಕೇಬಲ್ ಸರಿಯಾಗಲು ದಿನಗಳೇ ಬೇಕು. ಮೊಬೈಲ್ ಸಿಗ್ನಲ್ ಕೂಡ ಇಲ್ಲದ ಆ ದಿನಗಳಲ್ಲಿ ಎಸ್ಟೇಟ್ ಆಫೀಸುಗಳು ತಮ್ಮ ಗೋದಾಮುಗಳೊಡನೆ ಮಾತನಾಡುವುದು ನಮ್ಮ ಊರೊಳಗಿನ ತಂತಿಗಳ ಮೂಲಕವೇ; ಅದಕ್ಕೆ ಮೊದಲು ನಮ್ಮ ಸರ್ವರ್ ಅವರ ಪಾಸ್‌ವರ್ಡ್ ಒಪ್ಪಬೇಕು.

ನಾನೇ ಮುಖ್ಯ ಕೇಬಲನ್ನು ಕಳಚಿದೆ. ನನ್ನ ಪ್ಯಾಕೇಜುಗಳನ್ನು ಹಾಕಿದ್ದ ಸರ್ವರ್, ಅವರ ಯಂತ್ರ ಎರಡರ ಕರೆಂಟನ್ನೂ ತೆಗೆದು ಮತ್ತೆ ಕೊಟ್ಟೆ. ನನ್ನದು ಯಾರೂ ಮುಟ್ಟದೆ ಚಾಲೂ ಆಯಿತು. ಪರೀಕ್ಷೆಗೆಂದು ಚಂದಾದಾರರದರ ಹಾಗೆ ಜೋಡಿಸಿದ್ದ ಕಂಪ್ಯೂಟರನ್ನು ಪಾಸ್‌ವರ್ಡ್ ನೋಡಿ ಒಳಗೆ ಬಿಟ್ಟುಕೊಂಡಿತು. ಅವರದು ಲೈಸೆನ್ಸ್ ಖಚಿತಪಡಿಸಿಕೊಳ್ಳಲು ಇಂಟರ್‌ನೆಟ್ ಬೇಕೆಂದು ಕಾಯುತ್ತ ನಿಂತಿತು.

“ಇಂಟರ್‌ನೆಟ್ ಕೊಡೋ ನಮ್ಮ ಹತ್ರವೇ ಇಂಟರ್‌ನೆಟ್ ಕೇಳ್ತದಲ್ರೀ ಇದು!” ಎಂದರು ಮಾಲೀಕರು.

“ಆ ಕೇಬಲ್ ಹಾಕಿ ಮೇಡಂ, ಒಂದೇ ನಿಮಿಷ,” ಎಂದರು ಮಾರಾಟಗಾರರು.

“ಹಾಕಲ್ಲ,” ಎಂದೆ. “ಮರ ಬಿದ್ದಿದೆ.”

ಮಾಲೀಕರು ಬಲು ಮೃದುವಾಗಿ, “ನೀವು ಊಟ ಮಾಡ್ಕೊಂಡೇ ಹೋಗ್ಬೇಕು,” ಎಂದು ಅವರನ್ನು ಹೊರಗೆ ಕರೆದೊಯ್ದರು. ‘ಬೇಡ’ ಎನ್ನುವ ಬದಲು ಮಾಡಿದ ಆ ಉಪಚಾರದ ಅರ್ಥ ಮಾರಾಟಗಾರರಿಗೆ ತಿಳಿಯಿತೋ ಇಲ್ಲವೋ, ನನಗಂತೂ ತಿಳಿಯಿತು.

ನನ್ನ ಎರಡು ಪುಟಗಳು ಮೇಜಿನ ಮೇಲೆಯೇ ಇದ್ದವು. ಕೊನೆಯಲ್ಲಿದ್ದ ‘ತಪ್ಪಿದ್ದರೆ ದಯವಿಟ್ಟು ಮನ್ನಿಸಬೇಕಾಗಿ ವಿನಂತಿ’ ಎಂಬ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಸಹಿ ಮಾಡಿದೆ.