ಗಾಳೆಮ್ಮನ ಬಾಯಿ

ಕುಡಗೋಲಿನ ಹರಿತವಾದ ಅಂಚಿಗೆ ನಮ್ಮ ಕುಕನೂರು ಕಡೆ ಬಾಯಿ ಎನ್ನುತ್ತಾರೆ. ಮೈ ಕಬ್ಬಿಣದ್ದಾದರೂ ಬಾಯಿಗೆ ಉಕ್ಕೇ ಬೇಕು. ಕೊಡಲಿ ಕಡಿಯುವುದು, ಕತ್ತಿ ಗಡ್ಡ ಹೆರೆಯುವುದು, ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ಕೊಯ್ಯುವುದು, ಎಲ್ಲ ಆ ಬೆರಳಗಲದ ಉಕ್ಕಿನ ಪುಣ್ಯ. ಕುಲುಮೆಯ ಗಾಳೆಮ್ಮನ ಬಾಯಿಯೂ ಹಾಗೇ ಇತ್ತು. ಎದುರಿಗೆ ಗೌಡನಿರಲಿ, ಅತ್ತೆಯಿರಲಿ, ಅದು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ಯಮನೂರಪ್ಪ ಸುತ್ತಿಗೆ ಬಡಿಯುತ್ತಿದ್ದ. ಅವಳು ತಿದಿ ಊದುತ್ತ ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಿದ್ದಳು. ಅದಕ್ಕಾಗಿ ಅವಳನ್ನು ಬೈದವರು ಬಹಳ. ಬೈದವರಿಗೆ ನಾನು ಈಗಲೂ ಮರ್ಯಾದೆ ಕೊಡುವುದಿಲ್ಲ.

ಜರ್ಮನಿಯ ಯುದ್ಧ ನಡೆದಿತ್ತು. ಉಕ್ಕೆಲ್ಲ ತೋಪು ಬಂದೂಕಿಗೆ ಹೋಗಿ ಸಂತೆಯಲ್ಲಿ ಒಂದು ತುಂಡೂ ಸಿಗುತ್ತಿರಲಿಲ್ಲ. ಜೋಳ ಬಲಿತು ನಿಂತಿತ್ತು, ಊರಿನ ಕುಡಗೋಲುಗಳೆಲ್ಲ ಬೊಚ್ಚುಬಾಯಿ ಆಗಿದ್ದವು. ಅಂಥದ್ದರಲ್ಲಿ ಜಾಗೀರದಾರನ ಕಾರಭಾರಿ ಒಂದು ಉದ್ದನೆಯ ಉಕ್ಕಿನ ಸಲಾಕೆ ಹೊರಿಸಿಕೊಂಡು ಕುಲುಮೆಗೆ ಬಂದ. ಬಿಟ್ಟಿಗೆ ಬಂಡಿ ಹೂಡುವುದಿಲ್ಲ ಎಂದ ಮದಾರಸಾಬನನ್ನು ಅವನು ಚಾವಡಿಯ ಕಂಬಕ್ಕೆ ಕಟ್ಟಿಹಾಕಿಸಿದ್ದ.

"ಹಗ್ಗ ನಂಬಾಕ ಬರೂದಿಲ್ಲ. ಅವನ ಕಾಲಿಗೆ ಬೇಡಿ ಮಾಡು," ಎಂದ.

ಯಮನೂರಪ್ಪ ಉತ್ತರ ಕೊಡುವ ಮೊದಲೇ ಗಾಳೆಮ್ಮ ತಿದಿ ಬಿಟ್ಟೆದ್ದಳು. "ಬೇಡಿಗೆ ಬಾಯಿ ಇರೂದಿಲ್ರಿ. ಬಾಯಿ ಇಲ್ಲದ್ದು ನಮ್ಮ ಕುಲುಮ್ಯಾಗ ಆಗೂದಿಲ್ಲ."

"ಯಮನೂರಪ್ಪ, ನಿನ್ನ ಹೇಣ್ತಿ ಬಾಯಿ ಮುಚ್ಚಸು."

"ತಿದಿ ಊದಾಕಿ ಅಕಿ ಅದಾಳ್ರಿ," ಎಂದ ಯಮನೂರಪ್ಪ ಸುತ್ತಿಗೆ ಕೆಳಗಿಟ್ಟ. "ಅಕಿ ಊದಲಿಲ್ಲಂದ್ರ ನಾ ಬೆಂಕಿ ಎಲ್ಲಿಂದ ತರ್ಲಿ?"

"ನಾ ಕೊಪ್ಪಳಕ್ಕ ಹೋಗಿ ಬರೂದ್ರೊಳಗ ಬೇಡಿ ಆಗಿರಬೇಕು. ಇಲ್ಲಂದ್ರ ಕುಲುಮಿಗೆ ಬೀಗ." ಸಲಾಕೆ ಎಸೆದು ಕಾರಭಾರಿ ಕುದುರೆ ಹತ್ತಿದ.

ಅವನ ಕುದುರೆಯ ಧೂಳು ಅಡಗುವ ಮುನ್ನವೇ ಗಾಳೆಮ್ಮ ತಿದಿ ಊದತೊಡಗಿದಳು. ಸಲಾಕೆ ತುಂಡುತುಂಡಾಯಿತು. ಊರ ಹೆಂಗಸರು ಕುಡಗೋಲು ಹಿಡಿದು ಸಾಲುಗಟ್ಟಿದರು. ಬಾಯಿ ಬಂದ ಮೊದಲ ಕುಡಗೋಲನ್ನು ಗಾಳೆಮ್ಮ ಮದಾರಸಾಬನ ಹೆಂಡತಿ ಮುಮ್ತಾಜಬೇಗಂ ಕೈಗೆ ಕೊಟ್ಟಳು. ಗಂಡನಿಗೆ ರೊಟ್ಟಿ ಕೊಡಲು ಚಾವಡಿಗೆ ಹೋಗುವಾಗ ಆಕೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಹೊತ್ತು ಇಳಿಯುವುದರಲ್ಲಿ ಗಂಡಹೆಂಡತಿ ಇಬ್ಬರೂ ಗದಗಿನ ದಾರಿ ಹಿಡಿದಿದ್ದರು. ಜಾಗೀರಿನ ಗಡಿ ದಾಟಿದರೆ ಇಂಗ್ರೇಜಿ ಸೀಮೆ, ಅಲ್ಲಿ ಈ ಕಾರಭಾರಿಯ ಆಟ ನಡೆಯುತ್ತಿರಲಿಲ್ಲ.

ಮರಳಿ ಬಂದ ಕಾರಭಾರಿ ಚಾವಡಿಯಲ್ಲಿ ಕೊಯ್ದ ಹಗ್ಗ ಕಂಡು ಕುಲುಮೆಗೆ ನುಗ್ಗಿದ.

"ನನ್ನ ಸಲಾಕಿ ಎಲ್ಲಿ?"

"ಊರ ತುಂಬ ಹಂಚೀನ್ರಿ," ಎಂದಳು ಗಾಳೆಮ್ಮ. "ಮನಿ ಮನಿಗೆ ಹೋಗಿ ಇಸಕೊಳ್ರಿ. ಒಂದೀಟು ಹುಷಾರ್ರಿ, ಎಲ್ಲಾದಕ್ಕೂ ಬಾಯಿ ಬಂದೈತಿ."

ಹೊಲದಿಂದ ಬಂದ ಹೆಂಗಸರು ಕುಡಗೋಲು ಹಿಡಿದುಕೊಂಡೇ ಬೀದಿಯಲ್ಲಿ ನಿಂತಿದ್ದರು. ಕಾರಭಾರಿ ಯಾವ ಮನೆಗೂ ಹೋಗಲಿಲ್ಲ. ಯಮನೂರಪ್ಪನನ್ನು ಹೊರಗೆಳೆಸಿ ಕುಲುಮೆಗೆ ಬೀಗ ಜಡಿಸಿದ. ಆಮೇಲೆ ಬಾರುಕೋಲು ಎತ್ತಿ ಗಾಳೆಮ್ಮನ ಎದುರು ನಿಂತ.

"ಹಗ್ಗ ಕೊಯ್ದವರು ಯಾರು? ಎಲ್ಲಿಗೆ ಹೋಗ್ಯಾರ? ಬೀಗ ತಗಸ್ತೀನಿ, ಹೇಳು."

ಊರೆಲ್ಲ ಅವಳ ಮುಖ ನೋಡಿತು. ಹುಟ್ಟಿದಾಗಿನಿಂದ ಮೊದಲ ಸಲ ಗಾಳೆಮ್ಮ ಬಾಯಿ ತೆರೆಯಲಿಲ್ಲ.