ಹಸಿರು ಮುಖ, ಹಳೆಯ ಅಂಗಿ

...ನೀಲಿ ಎಂದು ಬರೆದು ಹೊಡೆದುಹಾಕಿದ್ದೇನೆ. ಭಾವ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕೊಡುತ್ತಿದ್ದುದು ಖಾಕಿ ಅಂಗಿ ಎಂದು ಎಲ್ಲರೂ ಹೇಳುತ್ತಾರೆ, ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ನೀಲಿಯೇ: ಒಗೆದು ಒಗೆದು ಮೆತ್ತಗಾದ, ಕಾಲರಿನ ಅಂಚು ಸವೆದು ನೂಲು ಬಿಟ್ಟ, ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದಾಗಿದ್ದ ಗಂಡಸರ ಅಂಗಿ, ಮತ್ತು ಅದನ್ನು ಸೀರೆಯ ಮೇಲೆ ತೊಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತ ನನ್ನ ಅಕ್ಕ. ಗುಂಡಿಯ ವಿಷಯದಲ್ಲೂ ನನಗೆ ಅನುಮಾನವಿದೆ. ಕಥೆ ಬರೆಯುವವನ ಕೈಗೆ ಸಿಕ್ಕಿದ ಯಾವ ಅಂಗಿಗಾದರೂ ಇಂಥದ್ದೊಂದು ಗುಂಡಿ ತಾನಾಗಿ ಬಂದು ಕೂತುಬಿಡುತ್ತದೆ. ನೀವು ಸ್ನೇಹಿತರು, ನಿಮ್ಮಲ್ಲಿ ಮುಚ್ಚುಮರೆ ಏಕೆ: ಅಂಗಿ ಇತ್ತು, ಅಕ್ಕ ಅದನ್ನು ತೊಟ್ಟಿದ್ದಳು, ನನ್ನನ್ನು ಕಂಡೊಡನೆ ಎದ್ದು ಒಳಗೆ ಹೋದಳು. ಇಷ್ಟು ನಿಜ. ಬಣ್ಣ ನನ್ನದಿರಬಹುದು.

ಅಕ್ಕ ಭದ್ರಾವತಿಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಕೈಯ ರವಿಕೆ ತೊಟ್ಟರೆ ಬೆನ್ನು ನೆಟ್ಟಗಾಗುತ್ತದೆ ಎಂದು ಅಲ್ಲಿನ ಹೆಂಗಸರು ಹೇಳಿಕೊಳ್ಳುತ್ತಾರೆ. ಕಾರ್ಖಾನೆಯ ಕಾಲದಲ್ಲಿ ತಮಿಳುನಾಡಿನಿಂದಲೂ ಆಂಧ್ರದಿಂದಲೂ ಬಂದು ನೆಲೆಸಿದ ಮನೆಗಳ ಅಳತೆಗಳೆಲ್ಲ ಅವಳ ತಲೆಯಲ್ಲಿವೆ. ಕಳೆದ ವರ್ಷ ಅವಳಿಗೆ ಎಡಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತು. ಯಾರೋ ಕೆಮ್ಮಣ್ಣು ಹಚ್ಚಿದರು, ಡಾಕ್ಟರು ಮಾತ್ರೆ ಕೊಟ್ಟರು, ಯಾವುದರಿಂದಲೋ ಗುಳ್ಳೆಗಳು ಒಣಗಿದವು. ಆದರೆ ಹಾವು ಹೋದರೂ ಅದು ಹರಿದ ಜಾಡು ಉರಿಯುತ್ತಲೇ ಉಳಿಯಿತು. ಗುಳ್ಳೆ ಒಣಗಿದ ಮೇಲೂ ನರದಲ್ಲಿ ಇಂಥ ನೋವು ತಿಂಗಳುಗಟ್ಟಲೆ ಉಳಿಯುವುದುಂಟಂತೆ; ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲವಂತೆ. ಈ 'ಅಂತೆ'ಗಳನ್ನೆಲ್ಲ ನಾನು ಕಲಿತದ್ದು ಶಿವಮೊಗ್ಗದ ಡಾಕ್ಟರೊಬ್ಬರಿಂದ. ಅಂಥ ನೋವಿನ ಬಗ್ಗೆ ನಡೆಯುತ್ತಿದ್ದ ಒಂದು ಅಧ್ಯಯನಕ್ಕೆ ಅಕ್ಕನನ್ನು ಸೇರಿಸಿಕೊಂಡವರೂ ಅವರೇ.

ಅಧ್ಯಯನವೆಂದರೆ ಅಕ್ಕನ ಫೋನಿನಲ್ಲಿ ಒಂದು ಆ್ಯಪ್. ದಿನವೂ ಸಂಜೆ ಅದು ಗಂಟೆ ಬಾರಿಸಿ, ಒಂದು ಹೆಣ್ಣು ದನಿಯಲ್ಲಿ, 'ನಮಸ್ಕಾರ, ಇಂದು ನಿಮ್ಮ ನೋವು ಹೇಗಿದೆ?' ಎಂದು ಕೇಳುತ್ತದೆ. ಕೆಳಗೆ ಮೂರು ಮುಖಗಳು: ನಗುವ ಹಸಿರು, ಸುಮ್ಮನಿರುವ ಹಳದಿ, ಅಳುವ ಕೆಂಪು. ಒತ್ತಿದ ಮುಖ ಡಾಕ್ಟರಿಗೂ ಸಂಶೋಧಕರಿಗೂ ಹೋಗುತ್ತದೆ, ಅದನ್ನು ನೋಡಿ ಮಾತ್ರೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುತ್ತಾರೆ. ಮನೆಯವರೊಬ್ಬರ ಫೋನಿಗೂ ಹೋಗುತ್ತದೆ. ಆ ಮನೆಯವನು ನಾನು.

ಡಾಕ್ಟರು ಇದರ ಹಿಂದಿನ ತರ್ಕವನ್ನು ವಿವರಿಸಿದಾಗ ನಾನು ಕುಣಿದಾಡುವುದೊಂದು ಬಾಕಿ. ಮೊದಲೆಲ್ಲ ರೋಗಿ ತಿಂಗಳಿಗೊಮ್ಮೆ ಬಂದಾಗ, ಹೋದ ತಿಂಗಳು ನೋವು ಹೇಗಿತ್ತು ಎಂದು ಕೇಳುತ್ತಿದ್ದರಂತೆ. ರೋಗಿಯಾದರೋ ಆ ದಿನದ ನೋವನ್ನೇ ಇಡೀ ತಿಂಗಳಿಗೆ ಬಳಿದು ಹೇಳುತ್ತಿದ್ದನಂತೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಹೋದ ತಿಂಗಳ ನೋವೂ ಕಡಿಮೆಯಾಗುತ್ತಿತ್ತು, ನಿಂತು ಬಂದರೆ ಹೆಚ್ಚುತ್ತಿತ್ತು. ಅದಕ್ಕೇ ನೆನಪಿಗೆ ಅವಕಾಶವನ್ನೇ ಕೊಡದೆ ಆಯಾ ದಿನ ಆಯಾ ದಿನವೇ ಕೇಳಿಬಿಡುವುದು. ನೆನಪನ್ನು ನಂಬಬಾರದೆಂದು ತರಗತಿಯಲ್ಲೂ ಬರವಣಿಗೆಯಲ್ಲೂ ಹೇಳಿ ಹೇಳಿ ಬೇಸರ ಹುಟ್ಟಿಸಿದ ನನಗೆ, ಕೊನೆಗೂ ನನ್ನ ಮಾತನ್ನು ಕೇಳಿಸಿಕೊಂಡ ಒಂದು ವಿಜ್ಞಾನ ಸಿಕ್ಕಿತೆನಿಸಿತು. ರಾಗಿಗುಡ್ಡದ ಸ್ನೇಹಿತರೊಬ್ಬರ ಕೈಗಡಿಯಾರ ಅವರ ಎದೆಬಡಿತದ ತಾಳ ತಪ್ಪಿದ್ದನ್ನು ಅವರಿಗಿಂತ ಮೊದಲೇ ಕಂಡುಹಿಡಿದದ್ದು, ದೊಡ್ಡ ಆಸ್ಪತ್ರೆಯವರೆಗೆ ಹೋಗಲಾಗದ ಜನರ ಕಾಯಿಲೆಗಳೂ ಈಗ ಸಂಶೋಧನೆಯ ಲೆಕ್ಕಕ್ಕೆ ಸೇರುತ್ತಿರುವುದು, ಇವನ್ನೆಲ್ಲ ಸಿಕ್ಕವರಿಗೆ ಸಿಕ್ಕಲ್ಲಿ ಹೇಳಿದೆ. ಅವು ಸುಳ್ಳಲ್ಲ. ಇವತ್ತಿಗೂ ಅಲ್ಲ.

ಅಕ್ಕ ದಿನವೂ ಹಸಿರು ಒತ್ತಿದಳು. ಶಿವಮೊಗ್ಗದ ಆಲ್ಕೊಳದ ಮನೆಯಲ್ಲಿ ನಾನು ಚಹಾ ಕುಡಿಯುತ್ತ ಕೂತಿರುವಾಗ ಫೋನಿನಲ್ಲಿ ಆ ನಗುವ ಮುಖ ಮೂಡುತ್ತಿತ್ತು, ಅದರ ಪಕ್ಕದಲ್ಲಿ ನಾನು ಒತ್ತಬಹುದಾದ ಒಂದು ಪುಟ್ಟ ಹೃದಯವೂ ಇರುತ್ತಿತ್ತು. ಒತ್ತುತ್ತಿದ್ದೆ. ಹೆಂಡತಿಗೆ ತೋರಿಸಿ, 'ಅಕ್ಕ ಆರಾಮಾಗಿದಾಳೆ' ಎನ್ನುತ್ತಿದ್ದೆ. ಅಲ್ಲಿಂದ ಭದ್ರಾವತಿ ಎಷ್ಟು ದೂರವೆಂದು ನಿಮಗೆ ಗೊತ್ತು. ಬಸ್ಸು ಹತ್ತಿ ಒಂದು ನಿದ್ದೆ ಮಾಡುವಷ್ಟೂ ದೂರವಿಲ್ಲ. ಪಕ್ಕದ ಸೋಗಾನೆಗೆ ವಿಮಾನವೇ ಬಂದಿಳಿಯುವ ಕಾಲದಲ್ಲಿ ಈ ಊರಿಂದ ಆ ಊರಿಗೆ ಹೋಗಲು ನನಗೆ ಪುರುಸೊತ್ತಿರಲಿಲ್ಲ. ಯಾವಾಗಲಾದರೂ ಹೋದರೂ ಮೊದಲು ಫೋನ್ ಮಾಡಿಯೇ ಹೋಗುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆ, ಮೈಗೆ ಹೊಂದಿದ ರವಿಕೆ, ಮುಖದಲ್ಲಿ ನಗು. ಆ್ಯಪ್ ಹೇಳಿದ್ದನ್ನೇ ಕಣ್ಣೂ ಹೇಳುತ್ತಿತ್ತು.

ಆ ದಿನ ಮಾತ್ರ ಫೋನ್ ಮಾಡದೆ ಹೋದೆ. ಭದ್ರಾವತಿಯ ಕಾಲೇಜೊಂದರಲ್ಲಿ ಭಾಷಣವಿತ್ತು, ಬೇಗ ಮುಗಿಯಿತು; ಭಾಷಣದ ವಿಷಯ ಏನಿತ್ತೆಂದು ಹೇಳಿದರೆ ನೀವು ನಗುತ್ತೀರಿ, ಹಾಗಾಗಿ ಬೇಡ. ಬಾಗಿಲು ತೆರೆದೇ ಇತ್ತು. ಅಕ್ಕ ಆ ಅಂಗಿಯಲ್ಲಿ ಕುಳಿತು ಯಾರದ್ದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಯಂತ್ರಕ್ಕೆ ಅಭಿಮುಖವಾಗಿ ಅಲ್ಲ, ಓರೆಯಾಗಿ, ಎಡಪಕ್ಕೆಗೆ ಏನೂ ತಾಗದ ಹಾಗೆ. ನನ್ನನ್ನು ಕಂಡು ಅವಳ ಮುಖ ಹೇಗಾಯಿತೆಂದರೆ, ಸ್ನಾನದ ಮನೆಯ ಬಾಗಿಲನ್ನು ತಪ್ಪಿ ತೆರೆದವನಂತೆ ನಾನೇ ಹೊರಗೆ ಸರಿದು ನಿಂತೆ. ಅವಳು ಒಳಗೆ ಹೋದಳು. ಬರಲು ತುಂಬ ಹೊತ್ತಾಯಿತು. ಬಂದಾಗ ರವಿಕೆ ತೊಟ್ಟಿದ್ದಳು, ಹಣೆಯಲ್ಲಿ ಬೆವರಿತ್ತು.

ಭಾವ ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದರು. ಅವರು ಪೇಪರಿನಿಂದ ತಲೆಯೆತ್ತದೆಯೇ ಹೇಳಿದರು: 'ಬಟ್ಟೆ ತಾಗಿದ್ರೆ ಬೆಂಕಿ ಇಟ್ಟ ಹಾಗಾಗುತ್ತಂತೆ. ಊರಿಗೆಲ್ಲ ಬ್ಲೌಸ್ ಹೊಲಿಯೋಳು ನನ್ನ ಹಳೇ ಅಂಗೀಲಿ ಬಾಳ್ವೆ ಮಾಡ್ತಿದಾಳೆ. ನೀನು ಬರೋ ದಿನ ಮಾತ್ರ ಬ್ಲೌಸು.'

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಬಾರದೆಂದು ಅವಳು ಆಣೆ ಹಾಕಿಸಿಕೊಂಡಿದ್ದಳಂತೆ. 'ಅಲ್ಲದೆ, ಫೋನ್ ಮಾಡ್ದೆ ನೀನು ಬಂದಿದ್ದು ಇದೇ ಮೊದ್ಲು ಅಲ್ವಾ?' ಎಂದು ಪುಟ ತಿರುಗಿಸಿದರು.

ಅಷ್ಟರಲ್ಲಿ ಅಕ್ಕನ ಫೋನು ಗಂಟೆ ಬಾರಿಸಿತು. ಭಾವ ಒಳಗೆ ಕೇಳುವಂತೆ, 'ಬೀಗರು ಬಂದ್ರು ಕಣೇ, ನಗು' ಎಂದು ಕೂಗಿದರು. ಅದು ದಿನದ ಹಾಸ್ಯವೆಂದು ತೋರುತ್ತದೆ. ಅಕ್ಕ ಒದ್ದೆ ಕೈಯನ್ನು ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಹೌದು, ಫೋನಿನ ಮುಂದೆ ಸೆರಗು ಸರಿಮಾಡಿಕೊಂಡಳು. ಆ ದನಿ ನಮಸ್ಕಾರ ಹೇಳಿ, ನೋವು ಹೇಗಿದೆ ಎಂದು ಕೇಳಿತು. ಅಕ್ಕ ಒಂದು ಕೈಯಲ್ಲಿ ರವಿಕೆಯ ಬಟ್ಟೆಯನ್ನು ಪಕ್ಕೆಯಿಂದ ದೂರಕ್ಕೆ ಎಳೆದು ಹಿಡಿದುಕೊಂಡು ಇನ್ನೊಂದು ಕೈಯಿಂದ ಹಸಿರು ಮುಖ ಒತ್ತಿದಳು. ನನ್ನ ಜೇಬಿನಲ್ಲಿ ಫೋನು ಮೆಲ್ಲಗೆ ನಡುಗಿತು.

'ಅದ್ಯಾಕೆ ಹಾಗೆ ಒತ್ತಿದೆ?' ಎಂದೆ.

'ದಿನಾ ಕೇಳುತ್ತೆ ಮಾರಾಯ, ಪಾಪ,' ಎಂದಳು. 'ಅಷ್ಟು ಮರ್ಯಾದೆಯಿಂದ ನೀವು ತಾವು ಅಂತ ಕೇಳಿದಾಗ ದಿನಾ ಅದೇ ಗೋಳು ಹೇಳಕ್ಕಾಗುತ್ತಾ? ಕೆಂಪು ಒತ್ತಿದ್ರೆ ನಿನ್ನ ಫೋನು ಬಡ್ಕೊಳ್ಳುತ್ತಂತೆ. ನೀನು ಕ್ಲಾಸಲ್ಲಿರ್ತೀಯ.'

ಮಾತ್ರೆ ಏನಾಯಿತು ಎಂದು ಕೇಳಿದೆ. ದಿನವೂ ಹಸಿರು ಬರುತ್ತಿದೆ, ಚೆನ್ನಾಗಿ ಗುಣ ಕಾಣುತ್ತಿದೆ ಎಂದು ಡಾಕ್ಟರು ಅರ್ಧ ಮಾಡಿದ್ದರಂತೆ. ಅವರಿಗೂ ಖುಷಿಯಾಗಿತ್ತಂತೆ. ಅಷ್ಟು ಖುಷಿಯಾದವರ ಮುಂದೆ ಇಲ್ಲ ಎನ್ನುವುದು ಹೇಗೆ?

ಇದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನೀವೇ ಯೋಚಿಸಿ, ಬೀದಿಯಲ್ಲಿ ಎದುರಾದವರು ಊಟ ಆಯ್ತಾ ಎಂದರೆ ಹಸಿದ ಹೊಟ್ಟೆಯಲ್ಲೂ ಆಯ್ತು ಎನ್ನುತ್ತೇವೆ, ಹೇಗಿದ್ದೀರಿ ಎಂದರೆ ಜ್ವರದಲ್ಲೂ ಚೆನ್ನಾಗಿದ್ದೀವಿ ಎನ್ನುತ್ತೇವೆ. ಒಬ್ಬರೇ ಇದ್ದರೂ ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಉತ್ತರ ಕೊಡುತ್ತೇವೆ. ನಮ್ಮಲ್ಲಿ ಆ ಪ್ರಶ್ನೆ ವಿಚಾರಣೆಯಲ್ಲ, ಕೈಮುಗಿಯುವ ಒಂದು ರೀತಿ. ಕೈಮುಗಿದವರಿಗೆ ತಿರುಗಿ ಕೈಮುಗಿಯಬೇಕು. ಆ್ಯಪ್ ಮಾಡಿದವರು ಪ್ರಶ್ನೆಯನ್ನು ಚೊಕ್ಕವಾದ ಕನ್ನಡದಲ್ಲಿ ಬರೆಸಿದರು, ಉತ್ತರವೂ ಕನ್ನಡದ್ದೇ ಬರುತ್ತದೆಂದು ಯಾರೂ ಎಣಿಸಿದಂತಿಲ್ಲ. ನೆನಪು ಸುಳ್ಳು ಹೇಳುತ್ತದೆ, ವರ್ತಮಾನ ಹೇಳುವುದಿಲ್ಲ ಎಂದು ನಂಬಿದ್ದವನು ನಾನು. ನೆನಪಿಗೆ ಸುಳ್ಳು ಕಟ್ಟಲು ತಿಂಗಳು ಬೇಕು. ಮರ್ಯಾದೆಗೆ ಬೆರಳು ಎತ್ತಿ ಇಳಿಸುವಷ್ಟು ಹೊತ್ತು ಸಾಕು.

ಇಷ್ಟು ಬರೆದು ಓದಿ ನೋಡಿದರೆ, ಇದೂ ಒಂದು ಜಾಣತನದಂತೆ ಕಾಣುತ್ತದೆ. ನಮ್ಮ ಜನ, ನಮ್ಮ ಸಂಸ್ಕೃತಿ ಎಂದು ದೊಡ್ಡದೊಂದು ಬಟ್ಟೆ ಹೊದಿಸಿದರೆ ಅದರಡಿಯಲ್ಲಿ ನಾನು ಒಬ್ಬನೇ ಕಾಣದಂತೆ ಕೂರಬಹುದು. ಡಾಕ್ಟರಿಗೆ ಅಕ್ಕ ಹಸಿರು ಒತ್ತಿದ್ದು ಮರ್ಯಾದೆಯಿಂದ. ನನಗಾಗಿ ಒತ್ತಿದ್ದು ನಾನು ಬರುವುದು ಬೇಡವೆಂದು. ನನಗೆ ತೊಂದರೆಯಾದೀತೆಂಬ ಭಯ ಅವಳಿಗೆ ಎಲ್ಲಿಂದ ಬಂತು? ನಾಚಿಕೆ ಕಚ್ಚುವುದು ಅಲ್ಲಿ. ಆ ಹಸಿರು ಕಂಡಾಗ ನನಗೆ ಆಗುತ್ತಿದ್ದುದು ಸಂತೋಷವೆಂದು ತಿಳಿದಿದ್ದೆ. ಅದು ಬಿಡುಗಡೆ. ದಿನವೂ ಸಂಜೆ ಅಕ್ಕ ನನ್ನನ್ನು ಬಿಡುಗಡೆ ಮಾಡುತ್ತಿದ್ದಳು, ನಾನು ಹೃದಯ ಒತ್ತಿ ರಶೀದಿ ಕೊಡುತ್ತಿದ್ದೆ.

ಮರುದಿನ ಆ ಅಧ್ಯಯನ ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿದೆ. ಅಕ್ಕನ ಹೆಸರು ಹೇಳುತ್ತಲೇ ಅವಳು, ಒಂದು ಸಂಜೆಯೂ ತಪ್ಪಿಸಿಲ್ಲ ಸಾರ್, ಅಂಥವರು ಅಪರೂಪ ಎಂದು ಹೊಗಳಿದಳು. ವಿಷಯ ಹೇಳಿ, ಹಿಂದಿನ ಉತ್ತರಗಳನ್ನು ತಿದ್ದಬಹುದೇ ಎಂದು ಕೇಳಿದೆ.

'ಆಗಲ್ಲ ಸಾರ್. ಆವತ್ತಿನ ಉತ್ತರ ಆವತ್ತಿಗೇ ಮುಗೀತು. ಆಮೇಲೆ ತಿದ್ದೋಕೆ ಬಿಟ್ರೆ ಎಲ್ರೂ ನೆನಪಿನಿಂದ ತಿದ್ತಾರೆ,' ಎಂದಳು. ನಾನು ಕುಣಿದಾಡಿದ್ದು ಇದೇ ಮಾತಿಗೆ. ಡಾಕ್ಟರಿಗೆ ಇಂದೇ ತಿಳಿಸುತ್ತೇನೆ, ಮಾತ್ರೆ ಸರಿಮಾಡುತ್ತಾರೆ, ಇನ್ನು ಮುಂದೆ ಇದ್ದದ್ದನ್ನೇ ಒತ್ತಲು ಹೇಳಿ ಎಂದಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, 'ಇನ್ನೂ ಎಷ್ಟು ಜನ ಹೀಗೆ ಒತ್ತುತ್ತಿದಾರೋ ಸಾರ್' ಎಂದಳು.

ಮಾತ್ರೆ ಹೆಚ್ಚಾಯಿತು. ಅಕ್ಕನಿಗೆ ನಾನು ಪಾಠ ಹೇಳಿದಂತೆ ಹೇಳಿ ಬಂದೆ, ನೋವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು, ಯಾರ ಮುಖವನ್ನೂ ನೋಡಬೇಡ ಎಂದು. ಅವಳು ತಲೆಯಾಡಿಸಿದಳು, ನಮ್ಮ ಮಾಮೂಲಿನ ಆ ತಲೆಯಾಡಿಸುವಿಕೆ. ಈಗ ಹಳದಿ ಬರುತ್ತದೆ, ಕೆಲವೊಮ್ಮೆ ಹಸಿರು, ಆಗೊಮ್ಮೆ ಈಗೊಮ್ಮೆ ಕೆಂಪು. ಹೃದಯ ಒತ್ತುವುದನ್ನು ಬಿಟ್ಟಿದ್ದೇನೆ. ಕೆಂಪು ಬಂದ ದಿನ ಬಸ್ಸು ಹತ್ತುತ್ತೇನೆ. ಫೋನ್ ಮಾಡುವುದಿಲ್ಲ.

ನಿನ್ನೆಯೂ ಕೆಂಪು ಬಂತು, ಹೋದೆ. ಅಕ್ಕ ಅಂಗಿಯಲ್ಲೇ ಇದ್ದಳು, ಎದ್ದು ಒಳಗೆ ಹೋಗಲಿಲ್ಲ. 'ಬಂದ್ಯಾ, ಕೂತ್ಕೋ' ಎಂದು ಹೊಲಿಯುತ್ತಿದ್ದ ತೋಳನ್ನು ಮುಗಿಸಿದಳು, ಆಮೇಲೆ ಅವಲಕ್ಕಿ ಕಲಸಿಕೊಟ್ಟಳು, ಬಹಳ ನಗುನಗುತ್ತಾ ಮಾತಾಡಿದಳು. ಅಷ್ಟು ನೋವಿರುವವಳಂತೆ ನನಗೆ ಕಾಣಲಿಲ್ಲ. ಆದರೆ ನನಗೆ ಯಾವತ್ತು ಕಂಡಿತ್ತು? ಹೊರಡುವಾಗ ಅಂಗಿಯನ್ನು ಗಮನವಿಟ್ಟು ನೋಡಬೇಕೆಂದುಕೊಂಡಿದ್ದೆ, ಬಣ್ಣವನ್ನಾದರೂ ಖಚಿತಪಡಿಸಿಕೊಳ್ಳೋಣವೆಂದು. ಅಷ್ಟರಲ್ಲಿ ಕತ್ತಲಾಗಿತ್ತು, ಮಾತಿನಲ್ಲಿ ಮರೆತೂ ಹೋಯಿತು.

ನಿನ್ನೆ ಅವಳಿಗೆ ನೋವಿತ್ತೋ, ನಾನು ಬರಲೆಂದು ಕೆಂಪು ಒತ್ತಿದಳೋ, ನನಗೆ ಗೊತ್ತಿಲ್ಲ. ಆ ಹಸಿರಿನ ತಿಂಗಳುಗಳಲ್ಲಿ ಅವಳು ಎಷ್ಟು ನೋವು ತಿಂದಳು ಎಂಬುದೂ ಗೊತ್ತಿಲ್ಲ. ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ.